ಕಾರಾಗೃಹದೊಳಗಿನ ಪದವಿ ಶಿಕ್ಷಣ: ಒಬ್ಬ ಅಕ್ಕನ ವಿಮರ್ಶೆ

ಹಾಸನದ ಸುತ್ತಮುತ್ತ ನಿಮ್ಮ ಮನೆಯ ಮಗನೋ ತಮ್ಮನೋ ಗಂಡನೋ ಜೈಲಿನಲ್ಲಿದ್ದು, ಅಲ್ಲಿಂದಲೇ ಡಿಗ್ರಿ ಓದಿಸಬಹುದೇ ಎಂದು ಯೋಚಿಸುತ್ತಿದ್ದರೆ ಈ ಬರಹ ನಿಮಗಾಗಿ. ಓದಿಸಬಹುದು. ಧೈರ್ಯವಾಗಿ ಓದಿಸಿ. ಒಳಗಿರುವಾಗ ಸಿಗುವ ಶಿಕ್ಷಣ ಹೊರಗಿನವರು ಅಂದುಕೊಳ್ಳುವುದಕ್ಕಿಂತ ಎಷ್ಟೋ ಚೆನ್ನಾಗಿದೆ. ತೊಂದರೆ ಶುರುವಾಗುವುದು ಬಿಡುಗಡೆಯ ದಿನ. ಅಲ್ಲಿಂದ ಮುಂದೆ ಏನಾಗುತ್ತದೆ, ಯಾವ ಕಾಗದ ಕೈಯಲ್ಲಿರಬೇಕು, ಯಾರನ್ನು ಕೇಳಬೇಕು ಎಂಬುದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು. ಬೆಳೆಗಾರರು ಇಳಿಸಿದ ಚೆರಿ (ಇಡಿಯಾಗಿ ಒಣಗಿಸಿದ ಕಾಫಿ ಹಣ್ಣು) ಎಷ್ಟು ಮೂಟೆ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಎಷ್ಟು, ಹೊಟ್ಟು ಕಳೆದು ಬಂದ ಬೀಜ ಎಷ್ಟು, ಅದರಲ್ಲಿ ಎ ದರ್ಜೆ ಎಷ್ಟು, ಪೀಬೆರಿ (ಒಂಟಿ ಗುಂಡು ಬೀಜ) ಎಷ್ಟು ಎಂದು ದಿನವಿಡೀ ಚೀಟಿ ನೋಡಿ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಒಂದು ಚೀಟಿ ಕಳೆದರೆ ಒಬ್ಬ ಬೆಳೆಗಾರನ ವರ್ಷದ ದುಡಿಮೆಯ ಲೆಕ್ಕ ತಪ್ಪುತ್ತದೆ. ಅದಕ್ಕೇ ಯಾವ ಸೇವೆಯನ್ನಾದರೂ ನಾನು ಅಳೆಯುವುದು ಒಂದೇ ರೀತಿಯಲ್ಲಿ: ಕೊಟ್ಟ ಕಾಗದಕ್ಕೆ ರಸೀದಿ ಕೊಡುತ್ತಾರೆಯೇ, ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬ ಮನುಷ್ಯ ಅಲ್ಲಿ ಇದ್ದಾರೆಯೇ.

ಜೈಲಿನಲ್ಲಿದ್ದವನು ನನ್ನ ತಮ್ಮ. ಜಮೀನಿನ ಬದುವಿನ ವಿಷಯಕ್ಕೆ ಎದ್ದ ಜಗಳದಲ್ಲಿ ಒಬ್ಬರ ಜೀವ ಹೋಯಿತು. ಇವನಿಗೆ ಏಳು ವರ್ಷ ಶಿಕ್ಷೆಯಾಯಿತು. ತೀರಿಹೋದವರ ಮನೆಯವರು ನಮ್ಮ ಊರಿನಲ್ಲೇ ಇದ್ದಾರೆ. ಈ ಬರಹದ ಒಂದು ಸಾಲೂ ಅವರ ನೋವನ್ನು ಸಣ್ಣದು ಮಾಡಲು ಬರೆದದ್ದಲ್ಲ. ಯಾವ ಜೈಲು, ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಹೇಳಿದರೆ ತಮ್ಮನ ಗುರುತು ಸಿಗುತ್ತದೆ. ಅವನು ಈಗಷ್ಟೇ ತಲೆಯೆತ್ತಿ ಬಸ್ ಹತ್ತಲು ಶುರು ಮಾಡಿದ್ದಾನೆ.

ಜೈಲಿನಲ್ಲಿ ಕಾಲೇಜು ಎಂದರೆ ಇಂದು ನಿನ್ನೆಯ ಸಂಗತಿಯಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1994ರಲ್ಲೇ ದೆಹಲಿಯ ತಿಹಾರ್ ಜೈಲಿನೊಳಗೆ ಅಧ್ಯಯನ ಕೇಂದ್ರ ತೆರೆಯಿತು. ಆಮೇಲೆ ಅದು ದೇಶದ ಬೇರೆ ಬೇರೆ ಜೈಲುಗಳಿಗೂ ಹೋಯಿತು, ಕೈದಿಗಳಿಗೆ ಶುಲ್ಕ ಮನ್ನಾ ಮಾಡಿತು. ಎಸ್ಸೆಸ್ಸೆಲ್ಸಿ, ಪಿಯುಸಿ ದಾಟದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ನಮ್ಮ ರಾಜ್ಯದ್ದೇ ಆದ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲಿ 1996ರಿಂದ ಇದೆ. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಕೈದಿಗಳ ಶಿಕ್ಷಣಕ್ಕೇ ಒಂದು ಅಧ್ಯಾಯವಿದೆ. ಅಂದರೆ ದಾರಿ ಹಾಕಿಯಾಗಿದೆ. ಅದು ಎಲ್ಲಿ ತುಂಡಾಗುತ್ತದೆ ಎಂಬುದೇ ನನ್ನ ವಿಷಯ.

ಮೊದಲು ಒಳಗಿನದನ್ನು ಹೇಳುತ್ತೇನೆ, ಏಕೆಂದರೆ ಹೊಗಳಬೇಕಾದದ್ದು ಅಲ್ಲಿ ಬಹಳ ಇದೆ.

ತಮ್ಮ ಪಿಯುಸಿ ಮುಗಿಸಿ ಓದು ಬಿಟ್ಟಿದ್ದ. ಬಿ.ಎ.ಗೆ ಸೇರು ಎಂದು ಅವನಿಗೆ ಹೇಳಿದವರು ಜೈಲಿನ ಶಿಕ್ಷಕರು. ಅರ್ಜಿಯನ್ನು ಅವರೇ ತುಂಬಿಸಿದರು. ನಾನು ಊರಿನಿಂದ ಅಂಕಪಟ್ಟಿ, ವರ್ಗಾವಣೆ ಪತ್ರ, ಫೋಟೊ ತಲುಪಿಸಿದೆ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ ಯಾವುದೂ ಇರಲಿಲ್ಲ. ಕೊಟ್ಟ ಪ್ರತಿ ಕಾಗದಕ್ಕೂ ಆ ಶಿಕ್ಷಕರು ಒಂದು ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, ಪಟ್ಟಿಯ ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ಅಂದೇ ನನಗೆ ನಂಬಿಕೆ ಹುಟ್ಟಿತು.

ಪುಸ್ತಕಗಳು ಅಂಚೆಯಲ್ಲಿ ಬಂದವು. ಜೈಲಿಗೆ ಬರುವ ಯಾವ ಕಟ್ಟನ್ನೂ ಒಡೆಯದೆ ಒಳಗೆ ಬಿಡುವುದಿಲ್ಲವಾದ್ದರಿಂದ ಹೊರಗಿನ ಕವರು ಹರಿದಿರುತ್ತಿತ್ತು, ಒಳಗಿನ ಪುಸ್ತಕಕ್ಕೆ ಏನೂ ಆಗುತ್ತಿರಲಿಲ್ಲ. ದೂರಶಿಕ್ಷಣದ ಪುಸ್ತಕ ನೋಡದವರಿಗೆ ಒಂದು ಮಾತು: ಅದು ಸಾಮಾನ್ಯ ಪಠ್ಯಪುಸ್ತಕವಲ್ಲ. ಎದುರಿಗೆ ಮೇಷ್ಟರಿಲ್ಲ ಎಂದು ತಿಳಿದೇ ಬರೆದಿರುತ್ತಾರೆ. ನಾಲ್ಕೈದು ಪುಟಕ್ಕೊಮ್ಮೆ ನಿಲ್ಲಿಸಿ, ಓದಿದ್ದು ಅರ್ಥವಾಯಿತೇ ಎಂದು ಪ್ರಶ್ನೆ ಕೇಳಿ, ಉತ್ತರ ಬರೆಯಲು ಗೆರೆ ಎಳೆದ ಖಾಲಿ ಜಾಗ ಬಿಟ್ಟಿರುತ್ತಾರೆ. ಸರಿಯುತ್ತರ ಪಾಠದ ಕೊನೆಯಲ್ಲಿರುತ್ತದೆ. ತಮ್ಮ ಆ ಗೆರೆಗಳ ಮೇಲೆ ಪೆನ್ಸಿಲಿನಲ್ಲಿ ಮಾತ್ರ ಬರೆಯುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ, ಮುಂದಿನ ವರ್ಷ ಸೇರುವವನಿಗೆ ಅದೇ ಪುಸ್ತಕವನ್ನು ಕೊಡುತ್ತಿದ್ದ. ಹೊಸ ಪುಸ್ತಕಗಳು ಬರುವುದು ತಡವಾದರೆ ಹಳೆಯವು ಇರಲಿ ಎಂದು ಅವರವರೇ ಮಾಡಿಕೊಂಡ ವ್ಯವಸ್ಥೆ ಅದು. ಅವನ ಕೈಗೆ ಬಂದ ಇತಿಹಾಸದ ಪುಸ್ತಕದಲ್ಲೂ ಹಿಂದೆ ಓದಿದವರ ಅಕ್ಷರ ಅಳಿಸಿದ ಮೇಲೂ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತಂತೆ. ಬೆಳಕಿಗೆ ಓರೆಯಾಗಿ ಹಿಡಿದರೆ ಓದಲೂ ಬರುತ್ತಿತ್ತು. ಆ ಅಳಿಸಿದ ಉತ್ತರವನ್ನು ತನ್ನ ಉತ್ತರದ ಜೊತೆ ಹೋಲಿಸಿ ನೋಡುತ್ತಿದ್ದೆ ಎಂದು ಹೇಳಿದ್ದಾನೆ.

ಇಂಗ್ಲಿಷ್ ಅವನಿಗೆ ಕಬ್ಬಿಣದ ಕಡಲೆ. ಕಲಿಸಿದವರು ಅದೇ ಬ್ಯಾರಕ್ಕಿನಲ್ಲಿದ್ದ, ಹಣದ ಅವ್ಯವಹಾರದಲ್ಲಿ ಶಿಕ್ಷೆಯಾಗಿದ್ದ ಒಬ್ಬ ಮಾಜಿ ಬ್ಯಾಂಕ್ ನೌಕರರು. ಕಠಿಣ ಶಿಕ್ಷೆಯವರಿಗೆ ಹಗಲು ಕೆಲಸ ಇದ್ದೇ ಇರುತ್ತದೆ. ಇವನು ನೇಯ್ಗೆ ವಿಭಾಗದಲ್ಲಿದ್ದ. ಓದು ಏನಿದ್ದರೂ ಸಂಜೆ ಬ್ಯಾರಕ್ಕಿಗೆ ಬೀಗ ಬಿದ್ದ ಮೇಲೆ. ದೀಪ ಮೇಲ್ಛಾವಣಿಯಲ್ಲಿ ಎತ್ತರಕ್ಕಿರುವುದರಿಂದ ಅದರ ನೇರ ಕೆಳಗಿನ ಜಾಗಕ್ಕೆ ಬೇಡಿಕೆ. ಓದುವವರಿಗೆ ಆ ಜಾಗ ಎಂದು ಬ್ಯಾರಕ್ಕಿನವರೇ ಬಿಟ್ಟುಕೊಟ್ಟಿದ್ದರು. ಟಿ.ವಿ. ಶಬ್ದ ಮಾತ್ರ ಕಡಿಮೆಯಾಗುತ್ತಿರಲಿಲ್ಲ. ಓದುವವರಿಗೆ ಪ್ರತ್ಯೇಕ ಕೋಣೆ ಬೇಕು. ಇದು ನನ್ನ ಮೊದಲ ದೂರು. ಕಾಸಿನ ಖರ್ಚಿಲ್ಲದೆ ಆಗುವ ಕೆಲಸ, ಮನಸ್ಸು ಮಾಡಬೇಕು ಅಷ್ಟೆ.

ತರಗತಿ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚು ನಡೆಯಲಿಲ್ಲ. ಹೊರಗಿನ ಕಾಲೇಜಿನ ಉಪನ್ಯಾಸಕರು ಬಂದಾಗ ಬಂದರು. ಬಂದಾಗ ಮಾತ್ರ ಪ್ರೀತಿಯಿಂದ ಪಾಠ ಮಾಡಿದರು. ಸಮಾಜಶಾಸ್ತ್ರದ ಒಬ್ಬ ಮೇಡಂ ಬಂದು ಹೋದ ಮೇಲೆ ತಮ್ಮ ಬರೆದ ಕಾಗದವನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ಮೇಡಂ ಎಲ್ಲರನ್ನೂ ಹೆಸರು ಹಿಡಿದು ‘ನೀವು’ ಎಂದು ಕರೆದರಂತೆ. ಕಾಗದದಲ್ಲಿ ಪಾಠದ ವಿಷಯಕ್ಕಿಂತ ಮೊದಲು ಬರೆದದ್ದು ಅದನ್ನೇ.

ಪರೀಕ್ಷೆ ನಡೆದದ್ದು ಒಳಗೇ, ಪ್ರಾರ್ಥನೆಗೆ ಸೇರುವ ಹಾಲ್‌ನಲ್ಲಿ. ಹೊರಗಿನ ಮೇಲ್ವಿಚಾರಕರು, ಮೊಹರು ಹಾಕಿದ ಪ್ರಶ್ನೆಪತ್ರಿಕೆ, ಅಂತರ ಬಿಟ್ಟು ಹಾಕಿದ ಡೆಸ್ಕುಗಳು, ಎಲ್ಲವೂ ಹೊರಗಿನಂತೆಯೇ. ಈ ಕಟ್ಟುನಿಟ್ಟೇ ನನಗೆ ಹಿಡಿಸಿತು. ಕೈದಿಗಳೆಂದು ಕರುಣೆಯಿಂದ ಅಂಕ ಕೊಟ್ಟರೆ ಆ ಪದವಿಗೆ ಬೆಲೆ ಇರುವುದಿಲ್ಲ.

ಇಷ್ಟೆಲ್ಲ ಅನುಕೂಲ ಸಿಕ್ಕಿದ್ದು ತಮ್ಮನಿಗೆ ಶಿಕ್ಷೆಯಾಗಿ, ಕೇಂದ್ರ ಕಾರಾಗೃಹದಲ್ಲಿ ವರ್ಷಗಟ್ಟಲೆ ಒಂದೇ ಕಡೆ ಇದ್ದದ್ದರಿಂದ. ವಿಚಾರಣೆ ಮುಗಿಯದೆ ಕಾಯುತ್ತಿರುವವರ ಪಾಡು ಬೇರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿ ಕೊಟ್ಟ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಅಪರಾಧ ಇನ್ನೂ ಸಾಬೀತಾಗದವರೇ ಜೈಲು ತುಂಬಾ ಇದ್ದಾರೆ, ಅವರಿಗೇ ಓದು ಕಷ್ಟ. ನಾಳೆ ಜಾಮೀನು ಸಿಗಬಹುದು ಎಂದು ಯಾರೂ ಅರ್ಜಿ ತುಂಬಿಸುವುದಿಲ್ಲ. ಆ ನಾಳೆ ಎರಡು ಮೂರು ವರ್ಷವಾದರೂ ಬರುವುದಿಲ್ಲ. ಸೇರಿದರೂ ಪರೀಕ್ಷೆಯ ದಿನವೇ ಕೋರ್ಟಿನ ದಿನಾಂಕ ಬಂದರೆ ಮುಗಿಯಿತು. ತಮ್ಮನೂ ಮೊದಲು ಜಿಲ್ಲಾ ಕಾರಾಗೃಹದಲ್ಲಿ ವಿಚಾರಣಾ ಬಂದಿಯಾಗಿ ಇದ್ದ. ಅಲ್ಲಿ ಕಳೆದ ಕಾಲದಲ್ಲಿ ಅವನು ಓದಿದ್ದು ಹಳೆಯ ದಿನಪತ್ರಿಕೆ ಮಾತ್ರ. ಆ ಅವಧಿಯಲ್ಲೇ ಸೇರಿಸಿದ್ದರೆ ಬಿ.ಎ. ಒಳಗೇ ಮುಗಿದಿರುತ್ತಿತ್ತು, ನಾನು ಮುಂದೆ ಹೇಳಲಿರುವ ತಾಪತ್ರಯ ಒಂದೂ ಇರುತ್ತಿರಲಿಲ್ಲ. ಶಿಕ್ಷಣ ವಿಸ್ತರಿಸುವವರು ಜಿಲ್ಲಾ ಕಾರಾಗೃಹಗಳಿಂದ, ವಿಚಾರಣಾ ಬಂದಿಗಳಿಂದ ಶುರು ಮಾಡಲಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ತೂಕದ ಮನೆಯಲ್ಲಿ ಕೆಲಸ ಮಾಡುವ ಒಬ್ಬ ಅಣ್ಣ ನೇರವಾಗಿ ಕೇಳಿದರು. “ನನ್ನ ಮಗಳ ಬಿ.ಕಾಂ. ಶುಲ್ಕಕ್ಕೆ ಸಂಘದಲ್ಲಿ ಸಾಲ ಎತ್ತಿದ್ದೇನಮ್ಮ. ತಪ್ಪು ಮಾಡಿದವರಿಗೆ ಪುಕ್ಕಟೆ, ಮಾಡದವರಿಗೆ ಸಾಲವೇ?” ಅವರ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ನೋವಿತ್ತು. ಅವರ ಮಗಳ ಶುಲ್ಕ ಇಳಿಯಲೇಬೇಕು; ಅದಕ್ಕಾಗಿ ಸಹಿ ಸಂಗ್ರಹ ಮಾಡಿದರೆ ಮೊದಲ ಸಹಿ ನನ್ನದು. ಆದರೆ ಜೈಲಿನ ಪಾಠ ನಿಲ್ಲಿಸಿದರೆ ಆ ಹುಡುಗಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಇದೇ ಪ್ರಶ್ನೆ ಎತ್ತಿ ಅಮೆರಿಕದವರು ಒಮ್ಮೆ ಬಾಗಿಲು ಮುಚ್ಚಿದ್ದರು. ತಮ್ಮ ಸಮಾಜಶಾಸ್ತ್ರದ ಅಸೈನ್‌ಮೆಂಟಿಗೆ ಓದಿ ನನಗೂ ವಿವರಿಸಿದ. ಬಡ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ ಕೈದಿಗಳಿಗೂ ಸಿಗುತ್ತಿತ್ತು. 1994ರ ಅಪರಾಧ ನಿಯಂತ್ರಣ ಕಾಯ್ದೆ ಅದನ್ನು ರದ್ದು ಮಾಡಿತು. ಜೈಲಿನೊಳಗಿನ ಕಾಲೇಜುಗಳು ಒಂದೊಂದಾಗಿ ಮುಚ್ಚಿದವು. 2013ರಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿತು. ಒಳಗೆ ಯಾವುದಾದರೂ ಶಿಕ್ಷಣ ಪಡೆದವರಲ್ಲಿ ಮರಳಿ ಜೈಲು ಸೇರುವವರು, ಪಡೆಯದವರಿಗಿಂತ, ನೂರಕ್ಕೆ 13 ಜನ ಕಡಿಮೆ ಎಂದು ಕಂಡುಬಂತು. ಶಿಕ್ಷಣಕ್ಕೆ ಹಾಕಿದ ಒಂದು ಡಾಲರಿಗೆ, ಮತ್ತೆ ಜೈಲಿನಲ್ಲಿಡುವ ಖರ್ಚಿನಲ್ಲಿ ನಾಲ್ಕೈದು ಡಾಲರ್ ಉಳಿತಾಯ ಎಂದೂ ಅದು ಲೆಕ್ಕ ಹಾಕಿತು. 2015ರಲ್ಲಿ ಪ್ರಾಯೋಗಿಕವಾಗಿ ಕೆಲವು ಕಾಲೇಜುಗಳಿಗೆ ಅನುದಾನ ಮತ್ತೆ ಸಿಕ್ಕಿತು, 2023ರ ಜುಲೈನಿಂದ ಬಾಗಿಲು ಪೂರ್ತಿ ತೆರೆಯಿತು. ನಡುವೆ ಸುಮಾರು 30 ವರ್ಷ. ಆ ಕಾಲದಲ್ಲಿ ಒಳಗಿದ್ದು ಓದಲಾಗದೆ ಹೊರಬಂದವರ ಲೆಕ್ಕ ಯಾವ ಪುಸ್ತಕಕ್ಕೆ ಏರಿಸುತ್ತಾರೋ.

ತೂಕದ ಮನೆಯ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಒಪ್ಪಿದರು ಎಂದು ಹೇಳಲಾರೆ. “ನಿನ್ನ ತಮ್ಮ ಓದಿ ಬಂದು ಮತ್ತೆ ಗಲಾಟೆಗೆ ಹೋಗದಿದ್ದರೆ ಸಾಕು” ಎಂದರು. ಅಷ್ಟು ಸಾಕು ನನಗೂ.

ಮೈಸೂರಿನ ಜೈಲಿನ ಕೈದಿಗಳಿಂದ ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ನಾಟಕ ಮಾಡಿಸಿದಾಗ ಕನ್ನಡದ ಜನ ಟಿಕೆಟ್ ಕೊಂಡು ನೋಡಿ ಚಪ್ಪಾಳೆ ಹೊಡೆದರು. ಅದೇ ಕೈದಿ ಬಿ.ಎ. ಮಾಡಿದ ಎಂದರೆ ಮಾತ್ರ ನಮಗೆ ಶುಲ್ಕದ ನೆನಪಾಗುವುದು ಏಕೆ? ಹಕ್ಕಿನ ಮಾತಿಗೆ ಬಂದರೆ, 1965ರಲ್ಲೇ ಸುಪ್ರೀಂ ಕೋರ್ಟ್ ಒಂದು ಸೊಗಸಾದ ತೀರ್ಪು ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ಸ್ಥಾನಬದ್ಧತೆಯಲ್ಲಿದ್ದ, ಅಂದರೆ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ, ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬುವವರು ಜೈಲಿನಲ್ಲಿ ಕುಳಿತು ಮರಾಠಿಯಲ್ಲಿ ಒಂದು ವಿಜ್ಞಾನ ಪುಸ್ತಕ ಬರೆದರು, ಅಣುವಿನ ಬಗ್ಗೆ. ಹಸ್ತಪ್ರತಿಯನ್ನು ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ಕೋರ್ಟು ಬಿಡಿಸಿತು. ಕಾನೂನು ಕಿತ್ತುಕೊಳ್ಳದ ಸ್ವಾತಂತ್ರ್ಯವನ್ನು ಅಧಿಕಾರಿ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ತಮ್ಮನಿಗೆ ಈ ಕಥೆ ಬಹಳ ಇಷ್ಟ.

ಇನ್ನು ಬಿಡುಗಡೆಯ ನಂತರದ ಮಾತು. ಇಲ್ಲಿಂದ ನನಗೆ ಸಿಟ್ಟು ಬರುತ್ತದೆ.

ಸನ್ನಡತೆಯಿಂದಾಗಿ ಶಿಕ್ಷೆ ಸ್ವಲ್ಪ ಕಡಿತವಾಗಿ ತಮ್ಮ ಬೇಗ ಹೊರಬಂದ. ಬಿ.ಎ. ಕೊನೆಯ ವರ್ಷ ಬಾಕಿ ಇತ್ತು. ಮನೆಯಲ್ಲಿ ಸಂತೋಷ, ಅಮ್ಮ ಕಡುಬು ಮಾಡಿದರು. ಎರಡು ವಾರ ಕಳೆದ ಮೇಲೆ ಅವನು ಮೆಲ್ಲಗೆ ಕೇಳಿದ: “ಅಕ್ಕಾ, ನನ್ನ ಪರೀಕ್ಷೆ?” ಕೊನೆಯ ವರ್ಷದ ಪುಸ್ತಕಗಳು ಜೈಲಿನ ವಿಳಾಸಕ್ಕೆ ಹೋಗಿದ್ದವು. ಶುಲ್ಕ ವಿನಾಯಿತಿ ಇದ್ದದ್ದು ಒಳಗಿರುವವರಿಗೆ. ಅಧ್ಯಯನ ಕೇಂದ್ರ ಬದಲಾಯಿಸಬೇಕು. ಬದಲಾಯಿಸಲು ಜೈಲಿನ ಕೇಂದ್ರದಿಂದ ಪತ್ರ ಬೇಕು. ಜೈಲಿನಲ್ಲಿ ಆ ಹಳೆಯ ಶಿಕ್ಷಕರಿಗೆ ವರ್ಗವಾಗಿತ್ತು. ಬಿಡುಗಡೆಯಾದವನ ಕಡತ ಮುಗಿದಿದೆ, ವಿಶ್ವವಿದ್ಯಾಲಯವನ್ನು ಕೇಳಿ ಎಂದರು. ವಿಶ್ವವಿದ್ಯಾಲಯದವರು ಜೈಲನ್ನು ಕೇಳಿ ಎಂದರು. ಫಸಲು ಕೈಗೆ ಬರುವ ವರ್ಷವೇ ತೋಟದ ನೆರಳಿನ ಮರ ಕಡಿದ ಹಾಗಾಯಿತು.

ಹೊರಗಿನ ಒಂದು ಅಧ್ಯಯನ ಕೇಂದ್ರಕ್ಕೆ ಇಬ್ಬರೂ ಹೋದೆವು. ಪ್ರವೇಶದ ಕಾಲ, ಕೌಂಟರಿನಲ್ಲಿ ಸಾಲು. ತಮ್ಮ ತನ್ನ ವಿದ್ಯಾರ್ಥಿ ಗುರುತಿನ ಚೀಟಿ ಕೊಟ್ಟ. ಅದರಲ್ಲಿ ಫೋಟೊ, ನೋಂದಣಿ ಸಂಖ್ಯೆ, ಕೋರ್ಸು, ಕೆಳಗೆ ವಿಳಾಸ. ಕುಳಿತಿದ್ದ ಸಿಬ್ಬಂದಿ ವಿಳಾಸದ ಸಾಲನ್ನು ಗಟ್ಟಿಯಾಗಿ ಓದಿದರು: ಕೇಂದ್ರ ಕಾರಾಗೃಹ, ಎಂದು. ಓದಿ, ತಲೆಯೆತ್ತಿ ಅವನ ಮುಖ ನೋಡಿ, ಪಕ್ಕದ ಮೇಜಿನವರಿಗೆ ಚೀಟಿ ತೋರಿಸಿದರು. ಹಿಂದೆ ನಿಂತಿದ್ದವರ ಮಾತು ನಿಂತಿತು. ತಮ್ಮ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ನಮ್ಮಲ್ಲಿ ನಿಮ್ಮ ದಾಖಲೆ ಇಲ್ಲ” ಎಂದು ಚೀಟಿ ವಾಪಸು ಬಂತು. ಅರ್ಜಿಯನ್ನಾದರೂ ತೆಗೆದುಕೊಂಡು ಸ್ವೀಕೃತಿ ಕೊಡಿ ಎಂದು ನಾನು ಕೇಳಿದೆ. ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಅವನು ಹೇಳಿದ: “ಬೇಡ ಬಿಡಕ್ಕಾ, ತೋಟದ ಕೆಲಸಕ್ಕೆ ಹೋಗುತ್ತೇನೆ.” ಏಳು ವರ್ಷದ ಶಿಕ್ಷೆ ಕೇಳಿದ ದಿನವೂ ಅವನ ದನಿ ಅಷ್ಟು ಸೋತಿರಲಿಲ್ಲ.

ಆ ದಾರಿಯನ್ನು ಮತ್ತೆ ಜೋಡಿಸಿದ್ದು ಯಾವ ಇಲಾಖೆಯೂ ಅಲ್ಲ. ಹಾಸನದ ಎನ್.ಆರ್. ವೃತ್ತದಿಂದ ಸಿಟಿ ಬಸ್ ನಿಲ್ದಾಣದ ಕಡೆ ನಡೆದರೆ ಸಿಗುವ ಒಂದು ಗಲ್ಲಿಯ ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್, ಗೋಡೆಯ ಮೇಲೆ ಹಳೆಯ ಅರ್ಜಿ ನಮೂನೆಗಳು. ನಡೆಸುವವರು ಮಧ್ಯವಯಸ್ಸಿನ ಒಬ್ಬರು, ಹೆಂಡತಿಯೂ ಜೊತೆಗಿರುತ್ತಾರೆ. ಪ್ರಚಾರವಾದರೆ ಬರುವ ಮಂದಿಯನ್ನು ನಿಭಾಯಿಸಲಾಗದು, ಹೆಸರು ಬರೆಯಬೇಡಿ ಎಂದರು. ಪ್ರತಿ ಪುಟಕ್ಕೆ ಎರಡು ರೂಪಾಯಿ, ಆನ್‌ಲೈನ್ ಅರ್ಜಿಗೆ ನೂರು ರೂಪಾಯಿ. ನಮ್ಮಿಂದಲೂ ಅಷ್ಟೇ ತೆಗೆದುಕೊಂಡರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದನ್ನು ನಾನು ಗುಣವೆಂದೇ ಲೆಕ್ಕ ಹಾಕುತ್ತೇನೆ.

ಗುರುತಿನ ಚೀಟಿ ಅವರ ಕೈಗೆ ಹೋಯಿತು. ಓದಿದರು, ಗಾಜಿನ ಮೇಲೆ ಕವುಚಿ ಹಾಕಿ ಪ್ರತಿ ತೆಗೆದರು, “ಅಕ್ಕಾ, ಮೊದಲು ವಿಳಾಸ ಬದಲಾವಣೆ ಮಾಡಿಸೋಣ, ಅಧ್ಯಯನ ಕೇಂದ್ರ ಆಮೇಲೆ” ಎಂದರು. ಅವರಿಗೆ ಗೊತ್ತಿದ್ದ ವಿಷಯ ನನಗೆ ಯಾವ ಕಚೇರಿಯಲ್ಲೂ ಯಾರೂ ಹೇಳಿರಲಿಲ್ಲ. ಜೈಲಿನಿಂದ ಪತ್ರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಎಂದವರೂ ಅವರೇ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಪುಟದ ಅರ್ಜಿ: ಇಂಥ ನೋಂದಣಿ ಸಂಖ್ಯೆಯ ವಿದ್ಯಾರ್ಥಿಯ ಆಂತರಿಕ ಅಂಕಗಳ ಪಟ್ಟಿ, ಕಳಿಸಿದ ದಿನಾಂಕ, ಪುಸ್ತಕ ಸ್ವೀಕರಿಸಿದ ದಾಖಲೆ, ಇವುಗಳ ಪ್ರತಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಆ 2005ರ ಕಾಯ್ದೆಯ ನಿಯಮ. ಉತ್ತರ ಬಂತು. ಅದರ ಜೊತೆಗೇ, ನಾವು ಅಷ್ಟು ಅಲೆದ ಆ ಪತ್ರವೂ ಬಂತು.

ತಮ್ಮ ಬಿ.ಎ. ಮುಗಿಸಿದ. ಎಂ.ಎ.ಗೆ ಸೇರಲು ಹೊರಟಾಗ ಇನ್ನೊಂದು ಗೋಡೆ ಎದುರಾಯಿತು, ಇದನ್ನು ಎಲ್ಲರೂ ಗಮನಿಸಬೇಕು. ದೂರಶಿಕ್ಷಣಕ್ಕೆ ಸೇರುವವರು ಈಗ ವಿಶ್ವವಿದ್ಯಾಲಯ ಅನುದಾನ ಆಯೋಗದ ಜಾಲತಾಣದಲ್ಲಿ ಡಿಇಬಿ (ಆಯೋಗದ ದೂರಶಿಕ್ಷಣ ವಿಭಾಗ) ಗುರುತಿನ ಸಂಖ್ಯೆ ಮಾಡಿಸಬೇಕು. ಅದಕ್ಕೆ ಎಬಿಸಿ ಎಂಬ, ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡುವ ಖಾತೆ ಬೇಕು. ಆ ಖಾತೆಗೆ ಆಧಾರ್ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ತಮ್ಮ ಒಳಗೆ ಹೋದ ಮೇಲೆ ಅವನ ಸಿಮ್ಮಿಗೆ ಯಾರೂ ಹಣ ಹಾಕಿರಲಿಲ್ಲ. ಕಂಪನಿ ಆ ಸಂಖ್ಯೆಯನ್ನು ಬೇರೆ ಯಾರಿಗೋ ಕೊಟ್ಟಿತ್ತು. ಒಟಿಪಿ ಗುರುತಿಲ್ಲದ ಒಬ್ಬರಿಗೆ ಹೋಗುತ್ತಿತ್ತು. ಅವರಿಗೇ ಫೋನು ಮಾಡಿ ಕೇಳೋಣ ಎಂದ ತಮ್ಮ. ಅಂಗಡಿಯವರು ತಡೆದರು: “ಬೇಡ. ಒಟಿಪಿ ಕೇಳುವವರನ್ನು ಜನ ಕಳ್ಳರೆಂದುಕೊಳ್ಳುತ್ತಾರೆ. ನಿಮ್ಮ ಮೇಲೆ ಈಗ ಒಂದು ಸಣ್ಣ ಅನುಮಾನವೂ ಬರಬಾರದು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಹೊಸ ಸಂಖ್ಯೆ ಹಾಕಿಸಿ ಬನ್ನಿ.” ಹೊರಬಂದವರ ಬಗ್ಗೆ ಇಷ್ಟು ಮುಂದಾಲೋಚನೆ ಮಾಡಿದ ಮಾತನ್ನು ನಾನು ಬೇರೆ ಯಾರ ಬಾಯಿಂದಲೂ ಕೇಳಿಲ್ಲ.

ಇನ್ನೊಂದು ಉಪಕಾರ. ತಮ್ಮನಿಗೆ ಕೆಲಸಕ್ಕೆ ಸ್ವವಿವರ ಬೇಕಿತ್ತು. ಮಧ್ಯದ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬ ಜಾಗ ಬಂದಾಗ ಅವನ ಮುಖ ಬಾಡಿತು. ಅಂಗಡಿಯವರು, “ಸುಳ್ಳು ಬರೆಯಬೇಡಿ. ಬಿ.ಎ. ಓದುತ್ತಿದ್ದೆ ಎಂದು ಬರೆಯಿರಿ, ನಿಜ ತಾನೇ?” ಎಂದರು. ನಿಜ. ಆ ವರ್ಷಗಳ ಎದುರಿಗೆ ಬರೆಯಲು ಅವನ ಬಳಿ ಒಂದು ನಿಜ ಇತ್ತು. ಕೇಸಿನ ಬಗ್ಗೆ ಕೇಳಿದವರಿಗೆ ಅದನ್ನೂ ಹೇಳಿದ. ಕೆಲವರು ಬೇಡ ಎಂದರು. ಸಕಲೇಶಪುರದ ಕಡೆಯ ಒಂದು ಗೋದಾಮಿನವರು, ಪೊಲೀಸ್ ಪರಿಶೀಲನೆಯ ವರದಿ ನೋಡಿದ ಮೇಲೂ, ದಾಸ್ತಾನು ಬರೆಯುವ ಕೆಲಸ ಕೊಟ್ಟರು.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಕಂಪ್ಯೂಟರಿನ ಪರದೆ ರಸ್ತೆಗೆ ಕಾಣುವಂತಿದೆ. ದಾರಿಯಲ್ಲಿ ಹೋಗುವವರು ನಿಮ್ಮ ಅರ್ಜಿ ಓದಬಹುದು. ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಅವರಿಗೆ ತಾಳ್ಮೆಯೂ ಕಡಿಮೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ನಿಧಾನವಾಗಿ ಮಾತಾಡುತ್ತಾರೆ.

ಅಂಕ ಕೊಡಲೇಬೇಕೆಂದರೆ ಒಳಗಿನ ಶಿಕ್ಷಣಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು, ಓದುವ ಕೋಣೆಗೆ ಮತ್ತು ನಡೆಯದ ತರಗತಿಗಳಿಗೆ. ಬಿಡುಗಡೆಯ ನಂತರದ ಸೇವೆಗೆ ಸೊನ್ನೆ, ಏಕೆಂದರೆ ಅಂಥ ಸೇವೆಯೇ ಇರಲಿಲ್ಲ. ಜೆರಾಕ್ಸ್ ಅಂಗಡಿಗೆ ಐದಕ್ಕೆ ಐದು. ಒಂದು ಗಲ್ಲಿಯ ಅಂಗಡಿಗೆ ಗೊತ್ತಿರುವುದು ವಿಶ್ವವಿದ್ಯಾಲಯಕ್ಕೆ, ಕಾರಾಗೃಹ ಇಲಾಖೆಗೆ ಗೊತ್ತಿರಬೇಡವೇ? ಜಿಲ್ಲಾ ಕೇಂದ್ರಗಳಲ್ಲಿ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿಗಳಿವೆ, ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಅಲ್ಲಿ ಹೊರಬಂದ ವಿದ್ಯಾರ್ಥಿಗಳಿಗೆಂದು ಒಬ್ಬ ಸಿಬ್ಬಂದಿಯನ್ನು ಗೊತ್ತು ಮಾಡಲಿ. ಬಿಡುಗಡೆಯ ಆದೇಶದ ಜೊತೆಗೇ ಅಧ್ಯಯನ ಕೇಂದ್ರದ ಬದಲಾವಣೆ ತಾನಾಗಿ ಆಗಲಿ. ಶುಲ್ಕ ವಿನಾಯಿತಿ ಸೇರಿದ ಕೋರ್ಸು ಮುಗಿಯುವವರೆಗೆ ಇರಲಿ, ಗೇಟಿನವರೆಗೆ ಮಾತ್ರ ಬೇಡ. ಗುರುತಿನ ಚೀಟಿಯ ಮೇಲೆ ಮನೆಯ ವಿಳಾಸ ಅಚ್ಚಾಗಲಿ. ಪುಸ್ತಕ ಎಲ್ಲಿಗೆ ಕಳಿಸಬೇಕೆಂಬುದು ಕಚೇರಿಯ ಕಡತದಲ್ಲಿದ್ದರೆ ಸಾಕು. ಬ್ರೆಜಿಲ್‌ನಲ್ಲಿ ಕೈದಿ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದು ಒಪ್ಪಿಗೆ ಪಡೆದರೆ ಶಿಕ್ಷೆಯಲ್ಲಿ ನಾಲ್ಕು ದಿನ ಕಡಿತವಂತೆ, ವರ್ಷಕ್ಕೆ 48 ದಿನದವರೆಗೆ. ನಾನು ಅಷ್ಟು ದೂರದ್ದನ್ನೂ ಕೇಳುತ್ತಿಲ್ಲ. ಶುರುವಾದ ಓದು ನಿಲ್ಲದಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ನಿಮ್ಮವರ ಬಿಡುಗಡೆ ಹತ್ತಿರವಿದ್ದರೆ ಈಗಲೇ ಮಾಡಬೇಕಾದದ್ದು ಇಷ್ಟು. ನೋಂದಣಿ ಸಂಖ್ಯೆ, ಈವರೆಗಿನ ಅಂಕಪಟ್ಟಿಗಳು, ಸಲ್ಲಿಸಿದ ಅಸೈನ್‌ಮೆಂಟುಗಳ ಪಟ್ಟಿ, ಅಧ್ಯಯನ ಕೇಂದ್ರ ಬದಲಾವಣೆಗೆ ಅಧೀಕ್ಷಕರ ಸಹಿಯ ಪತ್ರ, ಇವನ್ನೆಲ್ಲ ಒಳಗಿರುವಾಗಲೇ ಕೇಳಿ ಪಡೆಯಿರಿ. ಹೊರಬಂದ ಮೇಲೆ ಒಂದೊಂದಕ್ಕೂ ತಿಂಗಳುಗಟ್ಟಲೆ ಕಾಯಬೇಕು. ಅವರ ಹಳೆಯ ಮೊಬೈಲ್ ಸಂಖ್ಯೆ ಇನ್ನೂ ಬದುಕಿದ್ದರೆ ಸಣ್ಣ ರೀಚಾರ್ಜ್ ಹಾಕಿಸುತ್ತಾ ಉಳಿಸಿಕೊಳ್ಳಿ. ಯಾವ ಮನವಿಯನ್ನೂ ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯಲು ಬಾರದಿದ್ದರೆ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ. 1987ರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲಿ ನೆರವು ಉಚಿತ, ಆದಾಯ ಎಷ್ಟಿದ್ದರೂ. ಹೋಗುವಾಗ ಎಲ್ಲದರ ಎರಡೆರಡು ಪ್ರತಿ ತೆಗೆದುಕೊಂಡು ಹೋಗಿ.